ಹೊಳೆ ನೋಡೋಕೆ ಅಂತ ಕಟ್ಟಿದ ಹೋಟೆಲ್
ಹಳೇ ಕಟ್ಟಡದ ರಿಪೇರಿಗೆ ಕರೆದಾಗ ನಾನು ಮೊದಲು ಗೋಡೆ ಬಿರುಕು ನೋಡಲ್ಲ, ಕಿಟಕಿ ಹತ್ರ ಹೋಗಿ ನಿಂತ್ಕೋತೀನಿ. ಕಟ್ಟಿದವರು ಏನು ಕಾಣ್ಲಿ ಅಂತ ಆ ಕಿಟಕಿ ಇಟ್ರು, ಅದು ಈಗ್ಲೂ ಕಾಣುತ್ತಾ? ಹಾಗೆ ನಿಂತಾಗೆಲ್ಲ ನಂಗೆ ಫಿನ್ಲೆಂಡಿನ ಇಮಾತ್ರಾ ಊರಿನ ವಾಲ್ಟಿಯೋನ್‌ಹೋಟೆಲ್ಲಿ ಅನ್ನೋ ಹೋಟೆಲ್ ನೆನಪಾಗುತ್ತೆ, ಹೆಸರಿನ ಅರ್ಥ ಸರ್ಕಾರಿ ಹೋಟೆಲ್, ಕಾಣೋದು ಮಾತ್ರ ಥೇಟ್ ಕೋಟೆ.

ಸೈಮಾ ಸರೋವರದಿಂದ ಹೊರಟು ರಷ್ಯಾದ ಲಡೋಗಾ ಸರೋವರ ಸೇರೋ ವುಕ್ಸಿ ನದಿ ಇಲ್ಲಿ ಬಂಡೆಗಳ ಇರುಕಲ್ಲಿ ನುಗ್ಗಿ ಸುಮಾರು 18 ಮೀಟರ್ ಕೆಳಗಿಳೀತಿತ್ತು. 1772ರಲ್ಲೇ ರಷ್ಯಾದ ರಾಣಿ ಕ್ಯಾಥರೀನ್ ಇದನ್ನ ನೋಡೋಕೆ ಬಂದಿದ್ರು, 1842ರಲ್ಲಿ ಚಕ್ರವರ್ತಿ ಒಂದನೇ ನಿಕೋಲಸ್ ಸುತ್ತಲಿನ ಜಾಗನ ಪಾರ್ಕ್ ಅಂತ ಕಾಯ್ದಿಡೋಕೆ ಹೇಳಿದ್ರು, 1892ರಲ್ಲಿ ರೈಲು ಬಂದ್ಮೇಲಂತೂ ಪೀಟರ್ಸ್‌ಬರ್ಗಿನ ಸಾಹುಕಾರರ ದಂಡೇ ಬರೋಕೆ ಶುರುವಾಯ್ತು.

ಮುಂಚೆ ಅಲ್ಲಿದ್ದ ಮರದ ಹೋಟೆಲ್‌ಗಳು ಬೆಂಕಿಗೆ ಹೋದವು. ಅದಕ್ಕೇ ಆರ್ಕಿಟೆಕ್ಟ್ ಉಸ್ಕೋ ನ್ಯೂಸ್ಟ್ರೋಮ್ ಈ ಸಲ ಗಟ್ಟಿ ಗೋಡೆ ಎಬ್ಬಿಸಿದ್ರು, 1903ರಲ್ಲಿ ಕೆಲಸ ಮುಗೀತು. ಒಂದು ಕಡೆ ಎತ್ತರದ ಗೋಪುರ, ಚೂಪು ಚಾವಣಿಗಳು, ಎಡಕ್ಕಿದ್ದಂಗೆ ಬಲಕ್ಕಿಲ್ಲ, ಒಳಗೆ ಬಣ್ಣದ ಗಾಜು, ಹೂಬಳ್ಳಿ. ಆ ಕಾಲದಲ್ಲಿ ಯೂರೋಪಲ್ಲೆಲ್ಲ ಓಡ್ತಿದ್ದ ಆರ್ಟ್ ನೂವೋ ಶೈಲಿ ಇದು, ಆದ್ರೆ ರಷ್ಯಾದ ಕೈಕೆಳಗಿದ್ದ ಫಿನ್ನರು ಅದರೊಳಗೆ ತಮ್ಮ ಕಾಡು, ತಮ್ಮ ಪುರಾಣ ಎಲ್ಲ ಸೇರಿಸಿ ತಮ್ಮದೇ ಅನ್ನೋ ರೂಪ ಹುಡುಕ್ತಿದ್ರು. ನನ್ನ ಕಣ್ಣಿಗೆ ಇದರ ಗೋಪುರ ಅಲಂಕಾರಕ್ಕಿಟ್ಟಿದ್ದಲ್ಲ, ಕೆಳಗಿನ ನೀರಿನ ರಭಸಕ್ಕೆ ಸಾಟಿಯಾಗಿ ನಿಂತಿದ್ದು.

ಆ ರಭಸ ಕಟ್ಟಡದ ಪಾಲಿಗೆ ಸಿಕ್ಕಿದ್ದು ಇಪ್ಪತ್ತಾರೇ ವರ್ಷ. 1929ರಲ್ಲಿ ಇಮಾತ್ರಾ ಪವರ್ ಸ್ಟೇಷನ್ ಶುರುವಾಯ್ತು, ನದಿ ಟರ್ಬೈನ್ ಕಡೆ ತಿರುಗ್ತು, ಹೋಟೆಲ್ ಮುಂದೆ ಉಳಿದಿದ್ದು ಒಣ ಬಂಡೆಗಳ ಕಂದಕ. ಆಗಷ್ಟೇ ಸ್ವತಂತ್ರ ಆದ ದೇಶಕ್ಕೆ ಕರೆಂಟ್ ಬೇಕಿತ್ತು, ನಾನು ಅದನ್ನ ತಪ್ಪು ಅನ್ನಲ್ಲ. ಆದ್ರೆ ನಮ್ಮ ಸರ್ವೆ ಶೀಟಲ್ಲಿ ಗೋಡೆ, ಚಾವಣಿ, ಬಾಗಿಲು ಅಂತ ಕಾಲಂ ಇರುತ್ತೆ, ಹೊಳೆ ಸದ್ದಿಗೆ ಕಾಲಂ ಇಲ್ಲ, ಇಲ್ಲಿ ಹೋಗಿದ್ದು ಅದೇ.

ಈಗ ಬೇಸಿಗೆಯಲ್ಲಿ ಗೊತ್ತು ಮಾಡಿದ ಟೈಮಿಗೆ ಅಣೆಕಟ್ಟಿನ ಗೇಟ್ ತೆಗೀತಾರೆ, ಜೊತೆಗೆ ಸಂಗೀತ. ಸೇತುವೆ ಮೇಲೆ ಜನ ಕಾಯ್ತಿರ್ತಾರೆ, ಬಂಡೆ ಮೇಲೆ ಮೊದಲು ತೆಳ್ಳಗೆ ಹರಿದಿದ್ದು ನೋಡ್ತಾ ನೋಡ್ತಾ ಬೆಳ್ಳಗೆ ನೊರೆ ಎದ್ದು ಕಂದಕ ತುಂಬುತ್ತೆ, ಕೋಟೆ ಕಿಟಕಿಗಳ ಮುಂದೆ ಅಷ್ಟು ಹೊತ್ತು ಮತ್ತೆ ಹೊಳೆ.