ಪದ ಪರಿಚಯ: ಪ್ಯಾರಾಲೀಗಲ್

‘ಪ್ಯಾರಾ’ ಗ್ರೀಕ್ ಮೂಲದ್ದು. ‘ಪಕ್ಕದಲ್ಲಿ’ ಎಂದು ಅರ್ಥ. ವಕೀಲರ ಪಕ್ಕದಲ್ಲಿದ್ದು ಕಾನೂನಿನ ಕೆಲಸ ಮಾಡುವವರು, ಆದರೆ ತಾವೇ ವಕೀಲರಲ್ಲ. ಅವರೇ ಪ್ಯಾರಾಲೀಗಲ್. ಅಮೆರಿಕದಲ್ಲಿ ಇದಕ್ಕೆಂದೇ ಕೋರ್ಸುಗಳಿವೆ.

ನಮ್ಮಲ್ಲಿ ಈ ಪದ ಕೇಳಿದ ಕೂಡಲೇ ಕಾನೂನು ಸೇವಾ ಪ್ರಾಧಿಕಾರದ ‘ಪ್ಯಾರಾಲೀಗಲ್ ಸ್ವಯಂಸೇವಕರು’ ನೆನಪಾಗುತ್ತಾರೆ. 2009ರಲ್ಲಿ ಶುರುವಾದ ಯೋಜನೆ ಅದು. ಉಚಿತ ಕಾನೂನು ನೆರವಿನ ದಾರಿ ತೋರಿಸುವುದು ಅವರ ಕೆಲಸ. ಸಿವಿಲ್ ದಾವೆಯ ಕಡತ ಹಿಡಿದು ಓಡಾಡುವವರು ಬೇರೆ. ಅವರಿಗೆ ನಮ್ಮಲ್ಲಿ ಹಳೆಯ ಹೆಸರೇ ಇದೆ, ವಕೀಲರ ಗುಮಾಸ್ತರು. ‘ಗುಮಾಸ್ತ’ ಪಾರಸಿಯಿಂದ ಬಂದ ಪದ, ‘ನೇಮಕಗೊಂಡವನು’ ಎಂದು ಅರ್ಥ.

ಅಣ್ಣತಮ್ಮಂದಿರ ಪಾಲಿನ ದಾವೆಯನ್ನೇ ತಗೊಳ್ಳಿ. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ವಂಶವೃಕ್ಷ ಎಲ್ಲ ಒಟ್ಟುಮಾಡಬೇಕು. ವಕೀಲರನ್ನು ನೇಮಿಸುವ ಪತ್ರಕ್ಕೆ, ಅಂದರೆ ವಕಾಲತ್ತಿಗೆ, ಸಹಿ ಹಾಕಿಸಬೇಕು, ಪುಟಗಳಿಗೆ ನಂಬರ್ ಹಾಕಬೇಕು, ಕೋರ್ಟ್ ಫೀ ಕಟ್ಟಬೇಕು. ಕೋರ್ಟಿನ ಕಚೇರಿಯವರು ಆಕ್ಷೇಪಣೆ ಎತ್ತಿದರೆ ಸರಿಮಾಡಿಸಬೇಕು. ಓ.ಎಸ್. (ಮೂಲ ದಾವೆ) ನಂಬರ್ ಬಿದ್ದ ಮೇಲೆ ಪ್ರೊಸೆಸ್ ಫೀ, ಅಂದರೆ ಪ್ರತಿವಾದಿಗೆ ಸಮನ್ಸ್ ತಲುಪಿಸುವ ಶುಲ್ಕ. ಇದು ಸಣ್ಣ ಮೊತ್ತ, ಆದರೆ ಕಟ್ಟದೆ ಸಮನ್ಸ್ ಜಾರಿಯಾಗದಿದ್ದರೆ ದಾವೆಯೇ ವಜಾ ಆಗಬಹುದು!

ನನ್ನ ಮಟ್ಟಿಗೆ ಗುಮಾಸ್ತರ ನಿಜವಾದ ಆಸ್ತಿ ಅವರ ಡೈರಿ. ಸಿವಿಲ್ ಕೇಸಿನಲ್ಲಿ ಎಲ್ಲವೂ ದಿನದ ಲೆಕ್ಕ. ಸಮನ್ಸ್ ತಲುಪಿದ 30 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಕೊಡಬೇಕು. ಕಾರಣ ತೋರಿಸಿದರೆ ಕೋರ್ಟು ಒಟ್ಟು 90 ದಿನದವರೆಗೆ ಕಾಲ ಕೊಡಬಹುದು. ಕೇವಿಯಟ್ (‘ನಮ್ಮನ್ನು ಕೇಳದೆ ಆದೇಶ ಕೊಡಬೇಡಿ’ ಎಂಬ ಅರ್ಜಿ) ಹಾಕಿದ್ದರೆ ಅದರ ಆಯಸ್ಸೂ 90 ದಿನ. ವಕೀಲರು ಬೇರೊಂದು ಕೋರ್ಟಿನಲ್ಲಿ ವಾದ ಮಾಡುತ್ತಿರುವಾಗ ಇವನ್ನೆಲ್ಲ ನೆನಪಿಟ್ಟು ಎಚ್ಚರಿಸುವವರು ಯಾರು? ಗುಮಾಸ್ತರೇ ಅಲ್ವಾ?

ಗಡಿಯೂ ಇದೆ. 1961ರ ವಕೀಲರ ಕಾಯ್ದೆಯ ಪ್ರಕಾರ ವಕಾಲತ್ತು ವಹಿಸುವ ಹಕ್ಕು ವಕೀಲರದ್ದು. ಗುಮಾಸ್ತರಿಗೆ ಎಷ್ಟೇ ಅನುಭವವಿದ್ದರೂ ಕಕ್ಷಿದಾರರ ಪರ ವಾದ ಮಾಡುವಂತಿಲ್ಲ. ‘ರಾಜಿ ಆಗಲಾ, ಬೇಡ್ವಾ?’ ಎಂಬಂಥ ಪ್ರಶ್ನೆಯನ್ನು ವಕೀಲರನ್ನೇ ಕೇಳಬೇಕು.

ಆದರೆ ಒಂದು ಸುದ್ದಿಯನ್ನು ಗುಮಾಸ್ತರಿಗೂ ತಡಮಾಡದೆ ಹೇಳಿ. ದಾವೆಯಲ್ಲಿ ಹೆಸರಿರುವ ಯಾರಾದರೂ ತೀರಿಕೊಂಡರೆ, ಆ ದಿನದಿಂದ 90 ದಿನದೊಳಗೆ ಅವರ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು. ಪಾಲಿನ ದಾವೆಗಳು ವರ್ಷಗಟ್ಟಲೆ ನಡೆಯುತ್ತವೆ, ವಯಸ್ಸಾದವರೇ ಜಾಸ್ತಿ ಇರುತ್ತಾರೆ. ತಿಥಿ ಮುಗಿಯಲಿ ಅಂತ ಕಾಯಬೇಡಿ, ಅವತ್ತೇ ಒಂದು ಫೋನ್ ಮಾಡಿ.