ನೆಟ್ ಇಲ್ಲದ ಮನೆಗೆ ಸ್ಮಾರ್ಟ್ ಸ್ವಿಚ್: ಎಡವುವುದು ಗಡಿಯಾರದಲ್ಲಿ

ತೋಟದ ಮನೆಗೆ ಫೈಬರ್ ಇನ್ನೂ ಬಂದಿಲ್ಲ, ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಇಂಥ ಕಡೆ ಸ್ಮಾರ್ಟ್ ಸ್ವಿಚ್ ಹಾಕಿಸಿದರೆ ದುಡ್ಡು ದಂಡವಾಗುತ್ತದೆಯೇ? ಆಗಬೇಕಿಲ್ಲ. ವೈಫೈ ಬೇರೆ, ಇಂಟರ್ನೆಟ್ ಬೇರೆ. ಹೊರಗಿನಿಂದ ಒಂದು ತಂತಿಯೂ ಬಾರದ ರೂಟರ್ ಕೂಡ ಮನೆಯೊಳಗೆ ವೈಫೈ ಕೊಡುತ್ತದೆ. ಫೋನು, ಸ್ವಿಚ್ಚು ಎರಡೂ ಅದಕ್ಕೆ ಸೇರಿಕೊಂಡರೆ ಗೀಸರ್ ಹಾಕಲು, ದೀಪ ಆರಿಸಲು ಅಷ್ಟು ಸಾಕು. ಉಳಿದದ್ದೆಲ್ಲ ನೀವು ಯಾವ ಉಪಕರಣ ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪ್ಲಗ್, ಬಲ್ಬುಗಳಲ್ಲಿ ಅನೇಕವು ಟುಯಾ ವ್ಯವಸ್ಥೆಯವು. ಡಬ್ಬದ ಮೇಲೆ ಯಾವ ಹೆಸರೇ ಇರಲಿ, ಸ್ಮಾರ್ಟ್ ಲೈಫ್ ಆ್ಯಪ್‌ನಲ್ಲಿ ನಡೆಯುತ್ತದೆ ಎಂದಿದ್ದರೆ ಅದೇ ಎಂದುಕೊಳ್ಳಿ. ಇವು ಮೊದಲ ಸಲ ಕಂಪನಿಯ ಸರ್ವರ್‌ನಲ್ಲಿ ನೋಂದಣಿಯಾಗದೆ ಕೆಲಸ ಶುರುಮಾಡುವುದಿಲ್ಲ. ಈಗಾಗಲೇ ಕೊಂಡಿದ್ದರೆ ಒಂದು ದಾರಿಯಿದೆ. ಒಂದು ಫೋನಿನ ಹಾಟ್‌ಸ್ಪಾಟ್‌ಗೆ ನಿಮ್ಮ ರೂಟರಿನ ಹೆಸರನ್ನೂ ಪಾಸ್‌ವರ್ಡನ್ನೂ ಒಂದಕ್ಷರ ವ್ಯತ್ಯಾಸವಿಲ್ಲದೆ ಕೊಡಿ. ರೂಟರ್ ಆಫ್ ಮಾಡಿ, ಸಿಗ್ನಲ್ ಸಿಗುವ ಜಾಗದಲ್ಲಿ ಎರಡನೆಯ ಫೋನನ್ನು ಆ ಹಾಟ್‌ಸ್ಪಾಟ್‌ಗೆ ಸೇರಿಸಿ, ಅದರಲ್ಲಿ ಆ್ಯಪ್ ತೆರೆದು ಪ್ಲಗ್ ನೋಂದಾಯಿಸಿ. ಒಂದೇ ಫೋನಿನಲ್ಲಿ ಎರಡೂ ಕೆಲಸ ಮಾಡಹೊರಟರೆ ಸಾಮಾನ್ಯವಾಗಿ ಆಗುವುದಿಲ್ಲ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿರಬೇಕು, ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ನೋಂದಣಿ ಮುಗಿದ ಮೇಲೆ ಹಾಟ್‌ಸ್ಪಾಟ್ ಆರಿಸಿ ರೂಟರ್ ಹಚ್ಚಿದರೆ ಪ್ಲಗ್ ತಾನಾಗಿ ಅದಕ್ಕೆ ಸೇರಿಕೊಳ್ಳುತ್ತದೆ. ಆದರೆ ಇವುಗಳ ಟೈಮರ್ ಹೆಚ್ಚಾಗಿ ಸರ್ವರ್‌ನಲ್ಲಿರುತ್ತದೆ. ಆ್ಯಪ್ ಕೂಡ ಒಮ್ಮೆ ಲಾಗ್‌ಔಟ್ ಆಯಿತೆಂದರೆ ಮತ್ತೆ ನೆಟ್ ಇರುವ ಕಡೆ ಹೋಗಬೇಕು. ಹೊಸದಾಗಿ ಕೊಳ್ಳುವವರು ಈ ಉಸಾಬರಿಗೆ ಹೋಗದಿರುವುದೇ ಲೇಸು.

ಕೊಳ್ಳಬೇಕಾದದ್ದು ತನ್ನೊಳಗೇ ವೆಬ್ ಪುಟ ಇರುವಂಥದ್ದು: ಶೆಲ್ಲಿ ಕಂಪನಿಯ ರಿಲೇಗಳು (ಕರೆಂಟನ್ನು ಕೂಡಿಸಿ ಕಡಿಯುವ ಚಿಕ್ಕ ಡಬ್ಬಿಗಳು), ಇಲ್ಲವೇ ಟ್ಯಾಸ್ಮೋಟಾ ಎಂಬ ತಂತ್ರಾಂಶ ತುಂಬಿಸಿಯೇ ಮಾರುವ ಸ್ವಿಚ್, ಪ್ಲಗ್‌ಗಳು. ಇವಕ್ಕೆ ಖಾತೆ ಬೇಡ, ಆ್ಯಪ್ ಬೇಡ. ಕರೆಂಟು ಕೊಟ್ಟ ಕೂಡಲೇ ತಾವೇ ಒಂದು ಚಿಕ್ಕ ವೈಫೈ ಎಬ್ಬಿಸುತ್ತವೆ. ಫೋನಿನಿಂದ ಅದಕ್ಕೆ ಸೇರಿ ಬ್ರೌಸರಿನಲ್ಲಿ ಟ್ಯಾಸ್ಮೋಟಾಕ್ಕೆ 192.168.4.1, ಶೆಲ್ಲಿಗೆ 192.168.33.1 ಎಂದು ಹೊಡೆದರೆ ಪುಟ ತೆರೆಯುತ್ತದೆ. ತೆರೆಯದಿದ್ದರೆ ಸ್ವಿಚ್ಚನ್ನು ಬೈಯಬೇಡಿ. ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಆಂಡ್ರಾಯ್ಡ್ ಕಂಡುಕೊಂಡು, ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಜಿಗಿದಿರುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ, ‘ಇಂಟರ್ನೆಟ್ ಇಲ್ಲದಿದ್ದರೂ ಸಂಪರ್ಕದಲ್ಲಿರಬೇಕೇ’ ಎಂದು ಕೇಳಿದಾಗ ಹೌದು ಎನ್ನಿ. ಮುಂದೆ ಮನೆಯ ರೂಟರಿಗೆ ಸೇರಿದಾಗಲೂ ಇದೇ ತಕರಾರು ಬರುತ್ತದೆ, ಮನೆಯವರೆಲ್ಲರಿಗೂ ಹೇಳಿಕೊಟ್ಟಿರಿ. ಪುಟದಲ್ಲಿ ರೂಟರಿನ ಹೆಸರು, ಪಾಸ್‌ವರ್ಡ್ ತುಂಬಿ ಸೇವ್ ಮಾಡಿದರೆ ಸ್ವಿಚ್ ರೂಟರಿಗೆ ಹೋಗುತ್ತದೆ.

ರೂಟರ್ ಹಳೆಯದಾದರೂ ನಡೆಯುತ್ತದೆ. ಅದರ ಹೊಂದಿಕೆಯಲ್ಲಿ 2.4 ಗಿಗಾಹರ್ಟ್ಸ್, ಪಾಸ್‌ವರ್ಡಿನ ರಕ್ಷಣೆಗೆ ಡಬ್ಲ್ಯುಪಿಎ2, ಚಾನೆಲ್ 1, 6 ಅಥವಾ 11ರಲ್ಲಿ ಯಾವುದಾದರೊಂದು ಇರಲಿ. ಎಪಿ ಐಸೊಲೇಷನ್ ಆಫ್ ಇರಲಿ. ಅದು ಆನ್ ಇದ್ದರೆ ಫೋನಿಗೆ ಸ್ವಿಚ್ ಕಾಣುವುದೇ ಇಲ್ಲ. ಪ್ರತಿ ಸ್ವಿಚ್ಚಿಗೂ ರೂಟರಿನ ಡಿಎಚ್‌ಸಿಪಿ ರಿಸರ್ವೇಷನ್‌ನಲ್ಲಿ (ಉಪಕರಣಕ್ಕೆ ಒಂದೇ ವಿಳಾಸ ಕಾದಿರಿಸುವ ಹೊಂದಿಕೆ) ವಿಳಾಸ ಕಾಯಂ ಮಾಡಿ, ಆ ಪುಟವನ್ನು ಫೋನಿನ ಹೋಮ್ ಸ್ಕ್ರೀನಿಗೆ ಹಾಕಿಕೊಳ್ಳಿ. ಬರೀ ಆ್ಯಪ್‌ನಿಂದಷ್ಟೇ ಹೊಂದಿಸಬೇಕಾದ ಮೆಶ್ ರೂಟರುಗಳನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ, ಕೆಲವು ನೆಟ್ ಇಲ್ಲದೆ ಮೊದಲ ಹೆಜ್ಜೆಯನ್ನೇ ದಾಟುವುದಿಲ್ಲ.

ವೈರಿಂಗ್ ಬಗ್ಗೆ ಎರಡು ಮಾತು. ಸ್ವಿಚ್ ಬೋರ್ಡಿನ ಹಿಂದೆ ಕೂರಿಸುವ ರಿಲೇಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್ ಬೇಕು. ಹಳೆಯ ಮನೆಗಳಲ್ಲಿ ಬರೀ ದೀಪದ ಸ್ವಿಚ್ ಇರುವ ಬೋರ್ಡಿಗೆ ನ್ಯೂಟ್ರಲ್ ಎಳೆದಿರುವುದಿಲ್ಲ. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ಇದ್ದೇ ಇರುತ್ತದೆ. ಒಂದು ಸರ್ಕ್ಯೂಟಿನ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿಸಿ ಕೊಟ್ಟರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸುರಕ್ಷಾ ಸ್ವಿಚ್) ಬೀಳುತ್ತದೆ. ಇನ್ವರ್ಟರ್ ಲೈನು ಬೇರೆ ಇರುವ ಮನೆಗಳಲ್ಲಿ ಈ ತಪ್ಪು ಹೆಚ್ಚು.

ಎಲ್ಲ ಸರಿಹೋಯಿತು ಎಂದುಕೊಂಡ ಮೇಲೆ ಕೈಕೊಡುವುದು ಟೈಮರ್. ಈ ಸ್ವಿಚ್ಚುಗಳೊಳಗೆ ಬ್ಯಾಟರಿಯ ಗಡಿಯಾರ ಇರುವುದಿಲ್ಲ. ಪ್ರತಿ ಸಲ ಕರೆಂಟು ಬಂದಾಗಲೂ ಇಂಟರ್ನೆಟ್ಟಿನ ಎನ್‌ಟಿಪಿ (ಸಮಯ ಹೇಳುವ) ಸರ್ವರನ್ನು ಸಮಯ ಕೇಳುತ್ತವೆ. ಉತ್ತರ ಬಾರದಿದ್ದರೆ ಟ್ಯಾಸ್ಮೋಟಾ ಪುಟದಲ್ಲಿ ವರ್ಷ 1970 ಎಂದೇ ತೋರಿಸುತ್ತಿರುತ್ತದೆ, ಸಂಜೆ ಆರಕ್ಕೆ ಹಚ್ಚು ಎಂದು ಹಾಕಿದ ಟೈಮರ್ ಸುಮ್ಮನೆ ಕೂತಿರುತ್ತದೆ. ಅದೇ ಪುಟದ ಕನ್ಸೋಲಿನಲ್ಲಿ (ಆಜ್ಞೆ ಬರೆಯುವ ಜಾಗ) ‘ಟೈಮ್’ ಎಂಬ ಆಜ್ಞೆಯ ಮುಂದೆ ಯೂನಿಕ್ಸ್ ಸಮಯ, ಅಂದರೆ 1970ರ ಆರಂಭದಿಂದ ಕಳೆದ ಸೆಕೆಂಡುಗಳ ಲೆಕ್ಕ, ಕೊಟ್ಟು ಕೈಯಿಂದ ಹೊಂದಿಸಬಹುದು (2026ರ ಜನವರಿ 1, ಗ್ರೀನ್‌ವಿಚ್ ಮಧ್ಯರಾತ್ರಿಗೆ ಅದು 1767225600). ಆದರೆ ಮುಂದಿನ ಸಲ ಕರೆಂಟು ಹೋದಾಗ ಅದೂ ಹೋಯಿತು. ನಮ್ಮ ಹಳ್ಳಿಗಳಲ್ಲಿ ಹಾಗೆಂದರೆ ಇವತ್ತು ಸಂಜೆಯೇ ಇರಬಹುದು.

ಆದ್ದರಿಂದ ಕೆಲಸಗಳನ್ನು ಎರಡು ಗುಂಪು ಮಾಡಿ. ‘ಇಷ್ಟು ಹೊತ್ತು’ ಎಂಬ ಕೆಲಸಕ್ಕೆ ಗಡಿಯಾರ ಬೇಡ, ‘ಇಷ್ಟು ಗಂಟೆಗೆ’ ಎಂಬುದಕ್ಕೆ ಬೇಕು. ಗೀಸರ್ ಹಾಕಿ ಅರ್ಧ ಗಂಟೆಗೆ ತಾನಾಗಿ ಆರಬೇಕೆಂದರೆ ಟ್ಯಾಸ್ಮೋಟಾದಲ್ಲಿ ಪಲ್ಸ್‌ಟೈಮ್ 1900 ಎಂದು ಕೊಡಿ. 1800 ಸೆಕೆಂಡಿಗೆ 100 ಸೇರಿಸಿದ್ದು ಏಕೆಂದರೆ 111ರವರೆಗಿನ ಅಂಕಿಗಳನ್ನು ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಓದುತ್ತದೆ. ಗೇಟಿನ ದೀಪಕ್ಕೆ ಕತ್ತಲಾದಾಗ ಹತ್ತಿಕೊಳ್ಳುವ ಸಾದಾ ಫೋಟೋಸೆಲ್ ಹಾಕಿಬಿಡಿ, ಅದಕ್ಕಿಂತ ಜಾಣ ಸ್ವಿಚ್ ಆ ಜಾಗಕ್ಕೆ ಬೇಕಾಗಿಲ್ಲ.

ಗಂಟೆಯ ಲೆಕ್ಕವೇ ಬೇಕೆನ್ನುವವರು ಮನೆಯಲ್ಲೇ ಒಂದು ಸಮಯದ ಸರ್ವರ್ ಇಟ್ಟುಕೊಳ್ಳಬೇಕು. ಅದಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಅದರ 4ನೇ ಮಾದರಿಯಲ್ಲಿ ಗಡಿಯಾರವಿಲ್ಲ. 5ರಲ್ಲಿದೆ, ಆದರೆ ಬ್ಯಾಟರಿ ಬೇರೆ ಕೊಳ್ಳಬೇಕು. 4ಕ್ಕೆ ಡಿಎಸ್3231 ಎಂಬ ಚಿಕ್ಕ ಗಡಿಯಾರದ ಬೋರ್ಡ್ ಜೋಡಿಸಿ: ವಿಸಿಸಿ 1ನೇ ಪಿನ್ನಿಗೆ (3.3 ವೋಲ್ಟ್), ಎಸ್‌ಡಿಎ 3ಕ್ಕೆ, ಎಸ್‌ಸಿಎಲ್ 5ಕ್ಕೆ, ಗ್ರೌಂಡ್ 6ಕ್ಕೆ. ಅಗ್ಗದ ನೀಲಿ ಬೋರ್ಡಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ 5 ವೋಲ್ಟ್ ಕೊಟ್ಟು ಚಾರ್ಜ್ ಆಗದ ಸಿಆರ್2032 ಸೆಲ್ ಹಾಕಿದರೆ ಸೆಲ್ ಉಬ್ಬುತ್ತದೆ, 3.3 ವೋಲ್ಟ್‌ಗೆ ಜೋಡಿಸಲು ಹೇಳಿದ್ದು ಇದಕ್ಕೇ. ಪೈನಲ್ಲಿ ಈ ಗಡಿಯಾರದ ಓವರ್‌ಲೇ (ಬೋರ್ಡನ್ನು ಪೈ ಗುರುತಿಸುವಂತೆ ಮಾಡುವ ಹೊಂದಿಕೆ) ಆನ್ ಮಾಡಿ, ಕ್ರೋನಿ ಎಂಬ ಸಮಯದ ತಂತ್ರಾಂಶ ಹಾಕಿ, ಅದರ ಹೊಂದಿಕೆಯ ಕಡತದಲ್ಲಿ ಮನೆಯ ಜಾಲಕ್ಕೆ ‘ಅಲೌ’ ಸಾಲಿನ ಜೊತೆ ‘ಲೋಕಲ್ ಸ್ಟ್ರಾಟಂ 10’ ಎಂಬುದನ್ನೂ ಸೇರಿಸಿ. ಜನ ಬಿಡುವುದು ಈ ಎರಡನೆಯ ಸಾಲನ್ನೇ. ಅದಿಲ್ಲದಿದ್ದರೆ ಹೊರಗಿನ ಯಾರಿಂದಲೂ ಸಮಯ ಸಿಗದ ಕ್ರೋನಿ ತನ್ನ ಸಮಯವನ್ನು ತಾನೇ ನಂಬದೆ ಸ್ವಿಚ್ಚುಗಳಿಗೂ ಕೊಡುವುದಿಲ್ಲ. ಕೊನೆಗೆ ಪ್ರತಿ ಸ್ವಿಚ್ಚಿನಲ್ಲಿ ಎನ್‌ಟಿಪಿ ಸರ್ವರ್ 1ಕ್ಕೆ ಪೈನ ವಿಳಾಸ, ಟೈಮ್‌ಜೋನಿಗೆ +05:30 ತುಂಬಿ. ಡಿಎಸ್3231 ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ಆಚೀಚೆಯಾಗುತ್ತದೆ. ಅದೇ ಪೈಗೆ ಜಿಗ್‌ಬೀ (ವೈಫೈಯಂಥದೇ ಇನ್ನೊಂದು ನಿಸ್ತಂತು ಸಂಪರ್ಕ) ಡಾಂಗಲ್ ಸಿಕ್ಕಿಸಿದರೆ ಬಾಗಿಲ ಸೆನ್ಸರ್, ಬಟನ್‌ಗಳೂ ನೆಟ್ ಇಲ್ಲದೆ ನಡೆಯುತ್ತವೆ. ಡಾಂಗಲ್ಲನ್ನು ನೇರ ಚುಚ್ಚದೆ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್‌ನಲ್ಲಿ ದೂರ ಇಡಿ, ಯುಎಸ್‌ಬಿ 3 ಪೋರ್ಟಿನ ಗದ್ದಲ ಜಿಗ್‌ಬೀ ಸಿಗ್ನಲ್ಲನ್ನು ಕೆಡಿಸುತ್ತದೆ. ಬೇಕಾದ ತಂತ್ರಾಂಶವನ್ನೆಲ್ಲ ಪೇಟೆಯಲ್ಲೇ ಇಳಿಸಿಕೊಂಡು ಬನ್ನಿ.

ಕರೆಂಟು ಹೋಗಿ ಬರುವುದಕ್ಕೂ ಸಿದ್ಧತೆ ಬೇಕು. ಟ್ಯಾಸ್ಮೋಟಾ ಮೂಲತಃ ಹಿಂದಿನ ಸ್ಥಿತಿಗೇ ಮರಳುತ್ತದೆ: ಸಂಜೆ ಪಂಪು ಓಡುತ್ತಿದ್ದಾಗ ಕರೆಂಟು ಹೋಗಿ ರಾತ್ರಿ ಎರಡಕ್ಕೆ ಬಂದರೆ ಪಂಪು ಆಗ ಓಡಲು ಶುರು. ಪಂಪು, ಗೀಸರ್ ಎರಡಕ್ಕೂ ಪವರ್‌ಆನ್‌ಸ್ಟೇಟ್ 0 (ಕರೆಂಟು ಬಂದಾಗ ಆಫ್) ಇರಲಿ. ಇನ್ನೊಂದು: ಕರೆಂಟು ಬೇಗಬೇಗ ಆರು ಸಲ ಹೋಗಿ ಏಳನೆಯ ಸಲ ನಿಂತರೆ ಯಾರೋ ರೀಸೆಟ್ ಮಾಡುತ್ತಿದ್ದಾರೆಂದು ಭಾವಿಸಿ ಅದು ಹೊಂದಿಕೆಗಳನ್ನು ಅಳಿಸಿಕೊಳ್ಳುತ್ತದೆ. ಗಾಳಿಮಳೆಗೆ ಲೈನು ಮಿಣಮಿಣ ಅನ್ನುವ ಊರುಗಳಲ್ಲಿ ಸೆಟ್‌ಆಪ್ಷನ್65 ಅನ್ನು 1 ಮಾಡಿ ಇದನ್ನು ತಪ್ಪಿಸಿ. ಟ್ಯಾಸ್ಮೋಟಾದ ಬದಲು ಇಎಸ್‌ಪಿಹೋಮ್ ಎಂಬ ತಂತ್ರಾಂಶ ಬಳಸುವವರಿಗೆ ಬೇರೆಯದೇ ಕಾಟ. ಅದರ ಎಪಿಐಗೆ (ಬೇರೆ ತಂತ್ರಾಂಶಗಳು ಅದರೊಡನೆ ಮಾತಾಡುವ ಬಾಗಿಲು) ಯಾರೂ ಸೇರದಿದ್ದರೆ 15 ನಿಮಿಷಕ್ಕೊಮ್ಮೆ ಅದು ತಾನಾಗಿ ರೀಬೂಟ್ ಆಗುತ್ತದೆ, ರಿಲೇ ಟಕ್ಕೆಂದು ಬೀಳುತ್ತದೆ. ರೀಬೂಟ್ ಟೈಮ್‌ಔಟನ್ನು ಸೊನ್ನೆ ಸೆಕೆಂಡ್ ಮಾಡಿ. ರೂಟರಿಗೆ ಮಿನಿ ಯುಪಿಎಸ್ ಇಟ್ಟರೆ ಒಳ್ಳೆಯದು, ಅಡಾಪ್ಟರಿನ ಮೇಲೆ 9 ವೋಲ್ಟೋ 12 ವೋಲ್ಟೋ ಓದಿಕೊಂಡು ಕೊಳ್ಳಿ.

ಲೋಡಿನ ವಿಷಯದಲ್ಲಿ ಚೌಕಾಸಿ ಬೇಡ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು. ಮೋಟಾರು ಶುರುವಿನಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಚಿಕ್ಕ ರಿಲೇಯ ಪಾಯಿಂಟುಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಫೋನಿನಲ್ಲಿ ಆಫ್ ತೋರಿಸಿದರೂ ಪಂಪು ಓಡುತ್ತಲೇ ಇರುತ್ತದೆ. ಸ್ಮಾರ್ಟ್ ರಿಲೇ ಕಾಂಟ್ಯಾಕ್ಟರಿನ (ಭಾರೀ ಕರೆಂಟು ತಾಳುವ ದೊಡ್ಡ ರಿಲೇ) ಕಾಯಿಲ್ ಎಳೆಯಲಿ, ಮೋಟಾರಿನ ಭಾರ ಕಾಂಟ್ಯಾಕ್ಟರ್ ಹೊರಲಿ.

ಕ್ಯಾಮೆರಾ ಬೇಕಿದ್ದರೆ ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡುವ, ಓನ್‌ವಿಫ್ (ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳಿಗೆ ಸಾಮಾನ್ಯವಾದ ಭಾಷೆ) ಬೆಂಬಲವಿರುವುದನ್ನು ಆರಿಸಿ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ 21.6 ಜಿಬಿ, 128 ಜಿಬಿ ಕಾರ್ಡು ಐದು ದಿನ ಕಳೆದು ಆರನೆಯ ದಿನದೊಳಗೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ.

ಊರಿನಾಚೆಯಿಂದ ನಡೆಸುವ ಆಸೆಯಿದ್ದರೆ ಮಾತ್ರ ಮೊಬೈಲ್ ಜಾಲ ಬೇಕೇ ಬೇಕು. ಅದಕ್ಕೂ ಇಂಟರ್ನೆಟ್ ಬೇಕೆಂದಿಲ್ಲ. ಪಂಪ್‌ಸೆಟ್ಟಿಗೆ ರೈತರು ಹಾಕಿಸುವ ಮೊಬೈಲ್ ಸ್ಟಾರ್ಟರ್ ಕರೆ ಇಲ್ಲವೇ ಎಸ್‌ಎಂಎಸ್‌ನಲ್ಲೇ ನಡೆಯುತ್ತದೆ. ಕೊಳ್ಳುವಾಗ ಒಳಗಿರುವುದು 2ಜಿ ಮಾಡ್ಯೂಲೋ 4ಜಿಯೋ ಕೇಳಿ. 2ಜಿ ಆದರೆ ಜಿಯೋ ಸಿಮ್ ನಡೆಯುವುದಿಲ್ಲ, ಆ ಜಾಲದಲ್ಲಿ 2ಜಿ ಇಲ್ಲ. ಪಂಪ್‌ಹೌಸಿನಲ್ಲಿ ನಿಂತು ಯಾವ ಕಂಪನಿಯ ಸಿಗ್ನಲ್ ಎಷ್ಟು ಕಡ್ಡಿ ಬರುತ್ತದೆಂದು ನೋಡಿದ ಮೇಲೆ ಸಿಮ್ ತೆಗೆದುಕೊಳ್ಳಿ. ಅದರ ರೀಚಾರ್ಜ್ ವ್ಯಾಲಿಡಿಟಿ ಮುಗಿಯುವ ದಿನವನ್ನು ಸ್ಟಾರ್ಟರ್ ಡಬ್ಬಿಯ ಮೇಲೇ ಬರೆದಿಡಿ.