ಶುಗರ್ ಬಂದವರಿಗೆ ಜಾಗರಿ

“ಶುಗರ್ ಬಂದದೆ ಕಣಣ್ಣ, ಸಕ್ಕರೆ ಬ್ಯಾಡ. ಆ ಜಾಗರಿ ಪೌಡರ್ ಕೊಡು.”

ಮಂಡ್ಯದ ದಿನಸಿ ಅಂಗಡಿಯೊಂದರಲ್ಲಿ ನನಗಿಂತ ಮುಂದೆ ನಿಂತಿದ್ದವರ ಮಾತಿದು. ಕೇಳಿ ನಗು ತಡೆದುಕೊಂಡೆ. ಬೆಲ್ಲ ತಿಂದರೂ ಶುಗರ್ ಏರುತ್ತದೆ ಅನ್ನುವುದು ಬೇರೆ ವಿಚಾರ. ಅವರು ಒಂದೇ ಉಸಿರಿಗೆ ಒಂದೇ ಪದವನ್ನು ಮೂರು ಸಲ ಹೇಳಿದ್ದರು.

ಆ ಪದ ಸಂಸ್ಕೃತದ ‘ಶರ್ಕರಾ’. ಅದಕ್ಕೂ ಸಿಹಿಗೂ ಮೊದಲು ಸಂಬಂಧವೇ ಇರಲಿಲ್ಲ. ಗರಸು, ಹರಳು ಎಂದಷ್ಟೇ ಅರ್ಥ. ಮೂತ್ರದಲ್ಲಿ ಬೀಳುವ ಹರಳಿನ ಪುಡಿಯನ್ನೂ ಸುಶ್ರುತ ಸಂಹಿತೆ ಶರ್ಕರಾ ಎಂದೇ ಕರೆಯುತ್ತದೆ. ಕಬ್ಬಿನ ಹಾಲು ಕುದ್ದು ಹರಳುಗಟ್ಟಿದಾಗ ಮರಳಿನಂತೆ ಕಂಡಿತಲ್ಲ, ಅದಕ್ಕೂ ಅದೇ ಹೆಸರಾಯಿತು. ಹಾಗೆ ನೋಡಿದರೆ ನಮ್ಮ ಕಲ್ಲುಸಕ್ಕರೆ ಬರೀ ಕಲ್ಲುಕಲ್ಲು!

ಪ್ರಾಕೃತದಲ್ಲಿ ಮೆತ್ತಗಾದ ಪದ ನಮಗೆ ಸಕ್ಕರೆಯಾಗಿ ಸಿಕ್ಕಿತು. ಪಡುವಣಕ್ಕೆ ಹೊರಟದ್ದು ಪರ್ಷಿಯನ್ನಿನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಫ್ರೆಂಚರ ಬಾಯಿ ಹಾದು ಇಂಗ್ಲಿಷಿನ ಶುಗರ್ ಆಯಿತು. 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿಯನ್ನು ಊರವರು ಮೈಷುಗರ್ ಅಂದರು. ಜಾಗರಿಯದು ಇನ್ನೊಂದು ದಾರಿ: ಮಲಯಾಳದ ‘ಚಕ್ಕರ’ ಪೋರ್ಚುಗೀಸರ ನಾಲಿಗೆಯಲ್ಲಿ ಹೊರಳಿ ಇಂಗ್ಲಿಷಿಗೆ ಹೋಗಿ, ಈಗ ಪ್ಯಾಕೆಟ್ಟಿನ ಮೇಲೆ ಕೂತಿದೆ.

ನೆರೆಹೊರೆಯಲ್ಲಿ ಗೊಂದಲ ಇನ್ನೂ ಹೆಚ್ಚು. ತಮಿಳರ ಸಕ್ಕರೆ ಪೊಂಗಲಿಗೆ ಬೀಳುವುದು ಬೆಲ್ಲ. ಮಲಯಾಳಿಗಳಿಗೆ ‘ಶರ್ಕರ’ವೇ ಬೆಲ್ಲ, ಬಿಳಿ ಸಕ್ಕರೆ ಬೇಕಾದರೆ ‘ಪಂಚಸಾರ’ ಕೇಳಬೇಕು.

ಬೆಲ್ಲ ಮಾತ್ರ ಅಪ್ಪಟ ದ್ರಾವಿಡ. ತೆಲುಗಿನಲ್ಲಿ ಬೆಲ್ಲಂ, ತಮಿಳಿನಲ್ಲಿ ವೆಲ್ಲಂ. ಅವರ ವೇರ್ ನಮ್ಮ ಬೇರು, ಅವರ ವೆಣ್ಣೆಯ್ ನಮ್ಮ ಬೆಣ್ಣೆ, ಅದೇ ಲೆಕ್ಕ. ಆದರೆ ನಾಲಿಗೆ ಹುಷಾರು. ‘ವೆಳ್ಳಂ’ ಅಂದರೆ ತಮಿಳಿನಲ್ಲಿ ನೆರೆ, ಮಲಯಾಳದಲ್ಲಿ ಕುಡಿಯುವ ನೀರು. ಲಕಾರ ಜಾರಿದರೆ ಬೆಲ್ಲ ನೀರಾಗಿಬಿಡುತ್ತದೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ‘ಆಲೆ’. ಕಬ್ಬು ಅರೆಯುವ ಗಾಣ ಅದು. ತಮಿಳಿನಲ್ಲಿ ಅದೇ ‘ಆಲೈ’ ಬೆಳೆದು ದೊಡ್ಡ ಮಿಲ್ಲಾಗಿದೆ; ಅಲ್ಲಿ ಹತ್ತಿಗೂ ಆಲೈ, ಸಕ್ಕರೆಗೂ ಆಲೈ. ನಾವು ಸಕ್ಕರೆಗೆ ಪರ್ಷಿಯನ್ನಿನ ಕಾರ್ಖಾನೆ ಕಟ್ಟಿ, ಆಲೆಯನ್ನು ಊರಾಚೆಯ ಆಲೆಮನೆಯಲ್ಲೇ ಬಿಟ್ಟೆವು. ಅಲ್ಲಿ ಈಗಲೂ ಕೊಪ್ಪರಿಗೆಯ ಪಾಕವನ್ನು ಅಚ್ಚಿಗೆ ಸುರಿಯುತ್ತಾರೆ. ನೋಡಲು ಹೋದವರ ಕೈಗೆ ಬಿಸಿಬಿಸಿ ಬೆಲ್ಲ ಹಾಕಿ “ತಕಳಿ ಸ್ವಾಮಿ, ತಿನ್ನಿ” ಅನ್ನುತ್ತಾರೆ. ಜಾಗರಿ ಅನ್ನುವುದಿಲ್ಲ.